ಮಸಿನಗುಡಿ ಗುರುಸ್ವಾಮಿಯ ರೂಮು

ಸಿದ್ದಾಜಮ್ಮನ ಬಗ್ಗೆ ಯಾರಾದರೂ ಬರೆಯಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಯಾರೂ ಬರೆಯಲಿಲ್ಲ. ಶಾಲು, ಹಾರ, ಸನ್ಮಾನ ಎಲ್ಲ ಅವಳ ಗಂಡ ನಂಜುಂಡೇಶಣ್ಣನಿಗೇ ಬಿತ್ತು. ಹದಿನೆಂಟು ಸಲ ಶಬರಿಮಲೆ ಹತ್ತಿದವನನ್ನು ಗುರುಸ್ವಾಮಿ ಅನ್ನುತ್ತಾರೆ. ಅವನು ಅದನ್ನು ಮುಗಿಸಿದ ವರ್ಷ ಅವನ ಫೋಟೋ ಹಾಕಿ ಬಜಾರಿನ ನಡುವೆ ಬ್ಯಾನರ್ ಕಟ್ಟಿದ್ದರು. ಆ ಬ್ಯಾನರಿನ ಹಗ್ಗದ ಒಂದು ತುದಿಯನ್ನು ನನ್ನ ಎಸ್‌ಟಿಡಿ ಬೂತಿನ ಕಂಬಕ್ಕೇ ಬಿಗಿದಿದ್ದರು, ನನ್ನನ್ನು ಒಂದು ಮಾತು ಕೇಳದೆ. ಆ ಸಿಟ್ಟು ನನಗೆ ಇನ್ನೂ ಇದೆ. ಆದ್ದರಿಂದ ಅಕ್ಕನ ಕಥೆಯನ್ನು ನಾನೇ ಬರೆಯುತ್ತಿದ್ದೇನೆ. ನಾನು ಸುನೀತಾ, ಬೂತಿನವಳು.

ನಂಜುಂಡೇಶಣ್ಣನದು ಗೊಬ್ಬರದ ವ್ಯಾಪಾರ. ನಮ್ಮ ಮಸಿನಗುಡಿಯಲ್ಲಿ ದನ ಸಾಕುವವರು ಹಾಲಿಗೆಷ್ಟು ಸಾಕುತ್ತಾರೋ ಸಗಣಿಗೂ ಅಷ್ಟೇ ಸಾಕುತ್ತಾರೆ. ಒಣಗಿಸಿ ಮೂಟೆ ಕಟ್ಟಿ ಲಾರಿ ಹತ್ತಿಸಿದರೆ ಅದು ಕೇರಳದ ಶುಂಠಿ ಹೊಲಕ್ಕೋ ಕಾಫಿ ತೋಟಕ್ಕೋ ಹೋಗಿ ಸೇರುತ್ತದೆ. ವ್ಯಾಪಾರ ಅವನದು, ಸಗಣಿ ಅಕ್ಕನದು. ಗುಂಡ್ಲುಪೇಟೆ ಹತ್ತಿರದ ಹಳ್ಳಿಯಿಂದ ಹದಿನಾರನೇ ವಯಸ್ಸಿಗೆ ಮದುವೆಯಾಗಿ ಬಂದವಳು ಅಂದಿನಿಂದ ಕುಕ್ಕೆ ಕೆಳಗಿಳಿಸಲಿಲ್ಲ. ಹೊತ್ತು ಹೊತ್ತು ನೆತ್ತಿಯ ಕೂದಲು ತೆಳ್ಳಗಾಗಿತ್ತು. ಬಾಯಿ ಮಾತ್ರ ತೆಳ್ಳಗಾಗಿರಲಿಲ್ಲ. ಒಂದು ಸಲ ಅವರೆ ಹೊಲಕ್ಕೆ ಒಂಟಿ ಸಲಗ ನುಗ್ಗಿದಾಗ ಗಂಡಸರೆಲ್ಲ ಪಟಾಕಿ ಹುಡುಕುತ್ತಿದ್ದರು. ಇವಳು ತಗಡಿನ ಡಬ್ಬ ಬಡಿಯುತ್ತಾ ಬದುವಿನ ಮೇಲೆ ನಿಂತು, ನಿನ್ನ ಮನೆ ಹಾಳಾಗ, ತಿಂದದ್ದು ಸಾಕು ಹೋಗು ಅಂತ ಬೈದದ್ದು ಬಜಾರಿಗೆ ಕೇಳಿಸಿತ್ತು. ಆನೆ ಹೋಯಿತು. ಬೈಗುಳಕ್ಕೆ ಹೋಯಿತೋ ಹೊಟ್ಟೆ ತುಂಬಿ ಹೋಯಿತೋ ಯಾರಿಗೆ ಗೊತ್ತು. ಅಕ್ಕ ಮಾತ್ರ ಅದು ತನ್ನ ಬೈಗುಳಕ್ಕೇ ಹೋದದ್ದು ಅನ್ನುತ್ತಿದ್ದಳು.

ಮಾಲೆ ಹಾಕುವುದು ಗಂಡಸು, ವ್ರತ ಹಿಡಿಯುವುದು ಹೆಂಗಸು. ಇದು ನಾನು ಕಣ್ಣಾರೆ ಕಂಡ ಸತ್ಯ. ಕಾರ್ತಿಕ ಮಾಸ ಬಂದು ನಂಜುಂಡೇಶಣ್ಣನ ಕೊರಳಿಗೆ ತುಳಸಿ ಮಾಲೆ ಬಿತ್ತೆಂದರೆ ಅಕ್ಕ ಕೋಳಿ ಕೂಗುವ ಮುಂಚೆ ಆ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳಬೇಕು. ಒದ್ದೆ ತಲೆಯಲ್ಲೇ ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ. ತಂಗಳಿಲ್ಲ, ಈರುಳ್ಳಿಯಿಲ್ಲ, ಮೀನಿನ ವಾಸನೆಯಂತೂ ಬೀದಿಯಲ್ಲಿ ಹಾಯಬಾರದು. ಶನಿವಾರದ ಭಜನೆಗೆ ಇಡೀ ಗುಂಪಿಗೆ ಪುಳಿಯೋಗರೆ, ಕಡಲೆ ಗುಗ್ಗರಿ. ಮುಟ್ಟಾದ ದಿನಗಳಲ್ಲಿ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಚಾಪೆ. ಗಂಡ ಇರುಮುಡಿ ಹೊತ್ತು ಹೊರಟ ಮೇಲೆ ಇನ್ನೊಂದು: ಅವನು ವಾಪಸು ಬರುವ ತನಕ ಸಂಜೆಯ ದೀಪ ತಪ್ಪುವ ಹಾಗಿಲ್ಲ. ದೀಪ ತಪ್ಪಿದರೆ ಕಾಡುದಾರಿಯಲ್ಲಿ ಸ್ವಾಮಿಯ ಎದುರು ಆನೆ ನಿಲ್ಲುತ್ತದೆ ಅಂತ ನಮ್ಮೂರಿನ ನಂಬಿಕೆ. ಅವನು ಬಂದು, ಮನೆಯ ದೀಪದ ಮುಂದೆ, ಮನೆಯ ಹೆಂಗಸಿನ ಎದುರಿಗೇ ಮಾಲೆ ತೆಗೆಯಬೇಕು. ಅಲ್ಲಿಯವರೆಗೆ ಇಬ್ಬರಿಗೂ ಬಿಡುಗಡೆಯಿಲ್ಲ.

ಗಂಡಸರಿಗೆ ಮಾತ್ರ ದಾರಿಯಲ್ಲೇ ಒಂದಿಷ್ಟು ಬಿಡುಗಡೆ ಸಿಗುತ್ತಿತ್ತು. ಮಲೆ ಇಳಿದ ಮೇಲೆ ಅವರ ವ್ಯಾನು ನೇರ ಮನೆಗೆ ಬರುತ್ತಿರಲಿಲ್ಲ. ಎರ್ನಾಕುಲಕ್ಕೆ ಹೋಗಿ, ವ್ಯಾನನ್ನು ಅಲ್ಲೇ ನಿಲ್ಲಿಸಿ ಬೋಟು ಹತ್ತಿ, ವೈಪಿನ್ ದ್ವೀಪದಲ್ಲಿ ಒಂದು ರಾತ್ರಿ ಇದ್ದು, ಕಡಲು ನೋಡಿಕೊಂಡು, ನೇಂದ್ರ ಬಾಳೆಯ ಚಿಪ್ಸೂ ಹಲ್ವಾವೂ ಹೊತ್ತು ಬರುತ್ತಿದ್ದರು. ಆಗ ದ್ವೀಪಕ್ಕೆ ಸೇತುವೆ ಆಗಿರಲಿಲ್ಲ, ಬೋಟೊಂದೇ ದಾರಿ. ಎಲ್ಲಿ ಮಲಗಿದಿರಿ ಅಂತ ಹೆಂಗಸರು ಕೇಳಿದರೆ ದೇವಸ್ಥಾನದ ಛತ್ರದಲ್ಲಿ ಅನ್ನುತ್ತಿದ್ದರು. ಚಾಪೆ ಗಟ್ಟಿ, ಸೊಳ್ಳೆ ಜಾಸ್ತಿ ಅಂತಲೂ ಸೇರಿಸುತ್ತಿದ್ದರು, ಪಾಪ.

ಅಕ್ಕನಿಗೆ ಮೂವತ್ತೋ ಮೂವತ್ತೆರಡೋ ಇದ್ದಾಗ ಒಂದು ಸಲ, ನನಗೂ ಆ ಕಡಲು ತೋರಿಸಿ ಅಂತ ಗಂಡನನ್ನು ಕೇಳಿದಳಂತೆ. ಐವತ್ತು ತುಂಬಲಿ, ಮಲೆಗೆ ಹೆಂಗಸರು ಬರುವ ವಯಸ್ಸಾಗಲಿ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದನಂತೆ. ಅವಳು ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ನಾನಾಗಿದ್ದರೆ ಆವತ್ತೇ ಜಗಳ ತೆಗೆಯುತ್ತಿದ್ದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ತೊಂಬತ್ತೇಳರಲ್ಲಿ ಗಂಡಸರು ಮಲೆಗೆ ಹೋಗಿದ್ದಾಗ ಅಕ್ಕನ ತಾಯಿಗೆ ತೀರ ಹುಷಾರಿಲ್ಲ ಅಂತ ನನ್ನ ಬೂತಿಗೇ ಫೋನು ಬಂತು. ಗುಂಡ್ಲುಪೇಟೆ ಏನು ದೂರ? ತೆಪ್ಪಕಾಡಿನಲ್ಲಿ ಬಸ್ಸು ಹತ್ತಿ ಬಂಡೀಪುರ ದಾಟಿದರೆ ಬಂತು. ಆದರೆ ಅಕ್ಕ ಹೋಗಲಿಲ್ಲ. ಹೋದಲ್ಲಿ ಪ್ರಾಣ ಹೋದರೆ ಸೂತಕ, ಸೂತಕವಾದರೆ ದೀಪ ಹಚ್ಚುವ ಹಾಗಿಲ್ಲ, ಗಂಡ ಕಾಡಿನ ದಾರಿಯಲ್ಲಿದ್ದಾನೆ. ಮಂಗಳವಾರ ಬೆಳಗ್ಗೆ ಬರುತ್ತಾರೆ, ಮಾಲೆ ತೆಗೆಸಿದ ತಕ್ಷಣ ಹೊರಡುತ್ತೇನೆ ಅಂತ ಚೀಲಕ್ಕೆ ಎರಡು ಸೀರೆ ತುಂಬಿಟ್ಟುಕೊಂಡು ಜಗಲಿಯಲ್ಲಿ ಕೂತಳು. ಮಂಗಳವಾರ ವ್ಯಾನು ಬರಲಿಲ್ಲ. ಅವರು ಬಂದದ್ದು ಬುಧವಾರ ಮಧ್ಯಾಹ್ನ. ನಿಲಂಬೂರಿನ ಹತ್ತಿರ ಗಾಡಿ ಕೆಟ್ಟಿತು, ಮೆಕ್ಯಾನಿಕ್ ಸಿಗಲಿಲ್ಲ ಅಂದರು. ತಾಯಿ ಮಂಗಳವಾರ ರಾತ್ರಿ ತೀರಿಕೊಂಡಿದ್ದಳು. ಅಕ್ಕ ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಗಾಡಿ ಕೆಟ್ಟರೆ ಯಾರೇನು ಮಾಡೋಕಾಯ್ತದೆ ಅಂತ ಅವಳೇ ನನಗೆ ಸಮಾಧಾನ ಹೇಳಿದಳು.

ಐವತ್ತು ತುಂಬಿತು. ಆ ವರ್ಷ ವ್ಯಾನಿನಲ್ಲಿ ಜಾಗವಿಲ್ಲ ಅಂದರು. ಮರುವರ್ಷ, ಮೊದಲ ಸಲ ಮಾಲೆ ಹಾಕಿದ ಕನ್ನಿಸ್ವಾಮಿಗಳು ಜಾಸ್ತಿ, ಮುಂದಿನ ವರ್ಷ ನೋಡೋಣ ಅಂದರು. ಎರಡು ಸಾವಿರದ ಎರಡರಲ್ಲಿ ಮಾಲೆ ಹಾಕುವ ಹೊತ್ತಿಗೆ ಮತ್ತೆ ಅದೇ ಮುಂದಿನ ವರ್ಷ. ಆವತ್ತು ಅಕ್ಕ ಸಗಣಿಯ ಕೈ ತೊಳೆದುಕೊಂಡು ಸೀದಾ ನನ್ನ ಬೂತಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಬೆಟ್ಟ ನಂಗೆ ಬ್ಯಾಡ ಕನವ್ವ ಸುನೀತಾ. ಹುಟ್ಟಿದ್ದೂ ಬೆಟ್ಟದ ಬುಡ್ದಲ್ಲೇ, ಬಾಳ್ತಿರೋದೂ ಬೆಟ್ಟದ ಬುಡ್ದಲ್ಲೇ. ಬೆಟ್ಟ ಇಳ್ದು ಅವ್ರು ದೋಣಿ ಹತ್ಕಂಡು ಹೋಯ್ತಾರಲ್ಲ, ಆ ತೀವು, ಅಲ್ಗೆ ಹೋಗ್ಬೇಕು ನಾನು. ಯಾರೂ ಕರ್ಕೊಂಡೋಗೋದು ಬ್ಯಾಡ. ಉಳ್ಕಳಕ್ಕೆ ಒಂದು ಜಾಗ ಮಾತ್ರ ನೋಡ್ಕೊಡು."

ತೀವು ಅಂದರೆ ದ್ವೀಪ, ನಮ್ಮೂರಲ್ಲಿ ಅರ್ಧ ಮಾತು ತಮಿಳು. ನಾನು ಆ ಕ್ಷಣವೇ ನಾನೂ ಬರುತ್ತೇನೆ ಅಂದುಬಿಟ್ಟೆ. ನನ್ನ ಗಂಡ ಬಸ್ ಕಂಡಕ್ಟರ್, ದಿನಾ ಊರು ಸುತ್ತುವವನು. ಹೋಗಿ ಬಾ ಅಂದ, ಒಳ್ಳೆಯವನು. ಮೂರನೆಯವಳಾಗಿ ಟೀ ಅಂಗಡಿ ಧರ್ಮಲಿಂಗಂನ ಹೆಂಡತಿ ಚಿನ್ನಮ್ಮಾಳ್ ಸೇರಿದಳು. ಧರ್ಮಲಿಂಗಂ ಮಲೆಯ ಗುಂಪಿನಲ್ಲಿ ನಂಜುಂಡೇಶಣ್ಣನ ಬಲಗೈ. ಚಿನ್ನಮ್ಮಾಳ್ ಬಾಯಿ ಬಿಟ್ಟು ಏನೂ ಕೇಳುವವಳಲ್ಲ. ಆದರೆ ಆವತ್ತು ಕೆಲಸ ಬಿಟ್ಟು ಬಂದು, ಕಡಲಿನ ನೀರು ನಿಜವಾಗಿ ಉಪ್ಪಾ ಅಂತ ಕೇಳಿ, ನಾನೂ ಬರಲಾ ಅಂದಳು.

ಮೊದಲು ಅಕ್ಕನ ಯೋಚನೆ ಆ ದೇವಸ್ಥಾನದ ಛತ್ರವೇ. ಗಂಡಸರು ಮಲಗಿದಲ್ಲಿ ನಾವೂ ಮಲಗಿದರಾಯಿತು, ಸೊಳ್ಳೆಗೆ ನಾವೇನು ಹೊಸಬರೇ ಅಂದಳು. ಗೂಡಲೂರಿನಿಂದ ಮೊಟ್ಟೆ ತರುವ ಮಲಯಾಳಿಯ ತಾಯಿಮನೆ ಆ ದ್ವೀಪದಲ್ಲೇ. ಅವನನ್ನು ವಿಚಾರಿಸಿದೆ. ಹೊರಗಿನವರು ಮಲಗುವ ಛತ್ರ ಅಲ್ಲಿ ತನಗೆ ತಿಳಿದಂತೆ ಇಲ್ಲವೇ ಇಲ್ಲ ಅಂದ. ಹಳೆಯದೇನೋ ಇದ್ದಿರಬಹುದು, ಬಿದ್ದು ಹೋಗಿರಬಹುದು ಅಂತ ಅಕ್ಕ ಗಂಡನ ಪರವಾಗಿ ತಾನೇ ಸಬೂಬು ಹೇಳಿಕೊಂಡಳು. ಕಡಲಿನ ಹತ್ತಿರ ಇರುವುದೇ ಎರಡೋ ಮೂರೋ ಲಾಡ್ಜು ಅಂತ ಮೊಟ್ಟೆಯವನು ನಂಬರುಗಳನ್ನು ತರಿಸಿಕೊಟ್ಟ.

ಮೊದಲನೆಯ ಲಾಡ್ಜಿನವನು ಎಷ್ಟು ಜನ ಅಂತ ಕೇಳಿದ. ಮೂರು ಅಂದೆ. ಜೊತೆಗೆ ಗಂಡಸರು ಯಾರು ಅಂದ. ಯಾರೂ ಇಲ್ಲ ಅಂದೆ. ಬರೀ ಹೆಂಗಸರೇ ಬಂದರೆ ರೂಮು ಕೊಡುವುದಿಲ್ಲ, ಪೊಲೀಸು ಕೇಸು ಅಂತೆಲ್ಲ ಆಗುತ್ತದೆ ಅಂದ. ಐವತ್ತೆರಡು ವರ್ಷದ ಸಗಣಿ ಹೊರುವ ಹೆಂಗಸಿನ ಮೇಲೆ ಏನು ಕೇಸು ಹಾಕುತ್ತೀಯಪ್ಪ ಅಂತ ನಾನು ಕೇಳುವಷ್ಟರಲ್ಲಿ ಫೋನಿಟ್ಟಿದ್ದ. ಬೋಟಿಳಿಯುವ ಜಾಗದಲ್ಲಿದ್ದ ಎರಡನೆಯವನೂ ಅದೇ ರಾಗ, ಅದಕ್ಕೆ ಸ್ವಲ್ಪ ಉಪದೇಶ ಬೇರೆ. ನಾನು ರಿಸೀವರನ್ನು ಕುಕ್ಕಿದ ರಭಸಕ್ಕೆ ಮೀಟರ್ ಬಾಕ್ಸು ಅಲ್ಲಾಡಿತು. ಚಿನ್ನಮ್ಮಾಳ್ ಮುಖ ಬಾಡಿಸಿಕೊಂಡು, ಹೋಗಲಿ ಬಿಡಿ ಅಕ್ಕಾ ಅಂದಳು. ಅಕ್ಕ ಕದಲಲಿಲ್ಲ. ಇನ್ನೊಂದು ನಂಬರಿದೆಯಲ್ಲ, ಒತ್ತು ಅಂದಳು.

ಮೂರನೆಯದು ಗೋಪಾಲನ್ ಎಂಬವರ ಲಾಡ್ಜು. ಅವರಿಗೆ ಕೇಳಿಸುವುದು ಸ್ವಲ್ಪ ಕಮ್ಮಿ, ಆದ್ದರಿಂದ ಕೂಗಿ ಮಾತಾಡುತ್ತಿದ್ದರು. ಬೂತಿನೊಳಗೆ ನಮಗೆ ಮೂವರಿಗೂ ಕೇಳಿಸುತ್ತಿತ್ತು. ಗೂಡಲೂರಿನ ಕಡೆ ತಿರುಗಾಡುವವರಿಗೆ ಮಲಯಾಳ ಅರ್ಥವಾಗುತ್ತದೆ. ಎಲ್ಲಿಂದ ಅಂತ ಕೇಳಿದರು. ನೀಲಗಿರಿ, ಮಸಿನಗುಡಿ ಅಂದೆ. ಅಷ್ಟು ಸಾಕಾಯಿತು. ಮಸಿನಗುಡಿ ಸ್ವಾಮಿಗಳ ಊರಾ, ಗುರುಸ್ವಾಮಿ ಚೆನ್ನಾಗಿದ್ದಾರಾ ಅಂತ ಸಂತೋಷದಿಂದ ಕೂಗಿದರು. ವರ್ಷಾ ವರ್ಷಾ ಮಲೆ ಇಳಿದು ಬರುವುದು ನಮ್ಮಲ್ಲಿಗೇ, ಮಹಡಿಯ ಮೇಲಿನ ಕಡಲು ಕಾಣುವ ರೂಮೇ ಅವರಿಗೆ ಬೇಕು, ಕರಿಮೀನು ಹುರಿದದ್ದು ಎಷ್ಟು ಹಾಕಿದರೂ ಸಾಲದು, ಮಾಲೆ ಮಾತ್ರ ಮನೆಯಲ್ಲೇ ತೆಗೆಯಬೇಕಂತೆ, ಒಳ್ಳೆಯ ಶಿಸ್ತು ಅಂತ ಹೊಗಳಿದರು. ಚಿನ್ನಮ್ಮಾಳ್ ಬಾಯಿಗೆ ಸೆರಗು ಮುಚ್ಚಿಕೊಂಡಳು.

ನನಗೆ ತಲೆ ಬಿಸಿಯಾಗಿ ಏನು ಹೇಳಬೇಕೋ ತೋಚದೆ, ನಮಗೆ ಎರಡು ರಾತ್ರಿಗೆ ರೂಮು ಬೇಕಿತ್ತು ಅಂದೆ. ಎರಡು ರಾತ್ರಿಯಾ, ಹಾಗಾದರೆ ಇದು ಎರಡನೇ ಸಲ ಅಂತ ಅವರು ನಕ್ಕರು. ನಾನು ಮಹಡಿ ಕಟ್ಟಿಸಿದ ವರ್ಷವೂ ಹಾಗೇ ಆಯಿತು, ಇಸ್ಪೀಟಿನ ಆಟ ಮುಗಿಯಲಿಲ್ಲ ಅಂತ ಇನ್ನೊಂದು ರಾತ್ರಿ ನಿಂತುಬಿಟ್ಟರು, ಮನೆಯಲ್ಲಿ ಗಾಡಿ ಕೆಟ್ಟಿತು ಅಂತ ಹೇಳಿಕೊಳ್ಳುತ್ತೇವೆ ಅಂತ ಎಲ್ಲರೂ ನಗಾಡಿದರು ಅಂದರು.

ಅದು ಯಾವ ವರ್ಷ ಅಂತ ಕೇಳು ಅಂತ ಅಕ್ಕ ಸನ್ನೆ ಮಾಡಿದಳು. ಕೇಳಿದೆ. ತೊಂಬತ್ತೇಳು.

ನಾನು ಅಕ್ಕನ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.  ರಿಸೀವರಿನ ಕಡೆ ಬೆರಳು ತೋರಿಸಿ, "ಆ ಮ್ಯಾಲಿನ ಮಾಡಿ ರೂಮೇ ಬೇಕು ಅಂತ ಹೇಳು. ಅವ್ರು ಬರೋ ದಿನ, ಅದರ ಹಿಂದಿನ ದಿನ, ಎರಡೂ" ಅಂದಳು.

ಯಾರ ಹೆಸರಿಗೆ ಬರೆದುಕೊಳ್ಳಲಿ ಅಂತ ಗೋಪಾಲನ್ ಕೇಳಿದರು. ಮಸಿನಗುಡಿ ಗುರುಸ್ವಾಮಿಯ ಮನೆಯವರು ಅಂತ ಹೇಳಿದೆ. ಮನೆಯವರೂ ಬರುತ್ತಾರಾ, ಬಹಳ ಒಳ್ಳೆಯದು, ಗುರುಸ್ವಾಮಿಯೂ ಬರುತ್ತಾರಲ್ಲ ಅಂದರು. ನಾನು ಅಕ್ಕನ ಕಡೆ ನೋಡಿದೆ. ಬರ್ತಾರೆ ಅನ್ನು, ಸುಳ್ಳೇನಲ್ಲವಲ್ಲ ಅಂದಳು.

ಆ ಮೇಲೆ ಅವಳು ಮನೆಗೆ ಹೋಗಿ ಗಂಡನಿಗೆ ಗ್ರಹಚಾರ ಬಿಡಿಸುತ್ತಾಳೆ ಅಂತ ನಾನು ಕಿವಿ ನಿಮಿರಿಸಿಕೊಂಡು ಕಾದೆ. ಏನೂ ಸದ್ದಿಲ್ಲ. ಎಂದಿನ ಹಾಗೆ ತಣ್ಣೀರ ಸ್ನಾನ, ಎಂದಿನ ಹಾಗೆ ಬೇರೆ ಅಡುಗೆ. ಚಿನ್ನಮ್ಮಾಳ್‌ಗೂ ನನಗೂ ಬಾಯಿ ಬಿಡಬಾರದೆಂದು ಕಟ್ಟಪ್ಪಣೆಯಾಗಿತ್ತು. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಕೊಟ್ಟಿಲ್ಲ. ಹೊಟ್ಟೆ ಉಬ್ಬರಿಸಿಕೊಂಡು ದಿನ ಕಳೆದೆ.

ಗಂಡಸರು ಹೊರಡುವ ಮುಂಚಿನ ಶನಿವಾರ ಭಜನೆಗೆ ಎಲ್ಲರೂ ಸೇರಿದ್ದರು. ಅಕ್ಕ ಗುಗ್ಗರಿ ಬಡಿಸಿ, ಕೈ ಒರೆಸಿಕೊಂಡು, ನೀವು ಮಲೆಯಲ್ಲಿರುವಾಗ ನಾವು ಮೂವರು ಕಡಲು ನೋಡಲು ಹೋಗುತ್ತೇವೆ ಅಂತ ಹೇಳಿದಳು. ಯಾವ ಕಡಲು, ಎಲ್ಲಿ, ಏನೂ ಹೇಳಲಿಲ್ಲ. ಭಜನೆಯ ತಾಳ ನಿಂತುಹೋಯಿತು. ಧರ್ಮಲಿಂಗಂ ಹೆಂಡತಿಯ ಕಡೆ ಕಣ್ಣು ಬಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ವ್ರತದ ಮನೆ ಬೀಗ ಹಾಕುವುದುಂಟೇ, ಸ್ವಾಮಿಗಳು ಕಾಡಿನಲ್ಲಿ ನಡೆಯುವಾಗ ಹೆಂಗಸರು ಸವಾರಿ ಹೋಗುವುದುಂಟೇ, ಆನೆ ಎದುರಾದರೆ ಯಾರು ಹೊಣೆ. ನಂಜುಂಡೇಶಣ್ಣ ಎಲ್ಲರಿಗಿಂತ ಮೆತ್ತಗೆ ಮಾತಾಡಿದ, ಅವನ ಬುದ್ಧಿಯೇ ಅಂಥದ್ದು. ಇಷ್ಟು ವರ್ಷ ಕಾದಿದ್ದೀಯ, ಮುಂದಿನ ವರ್ಷ ನಾನೇ ಕರೆದುಕೊಂಡು ಹೋಗುತ್ತೇನೆ, ಈ ಸಲ ದೀಪ ಯಾರು ಹಚ್ಚುತ್ತಾರೆ ಅಂದ.

"ದೀಪ ಹಚ್ಚೋ ಕೈ ನಂದು ಸ್ವಾಮಿ. ನಾನೆಲ್ಲಿರ್ತೀನೋ ಅಲ್ಲೇ ಉರೀತದೆ. ನೀವು ಮಾಲೆ ಕಾಯ್ಕಳಿ, ದೀಪ ನಾ ಕಾಯ್ಕತೀನಿ."

ವ್ರತದಲ್ಲಿರುವ ಗಂಡನನ್ನು ಹೆಂಡತಿಯೂ ಸ್ವಾಮಿ ಅಂತಲೇ ಕರೆಯಬೇಕು. ಅಷ್ಟು ಮರ್ಯಾದೆಯಿಂದ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಧರ್ಮಲಿಂಗಂ, ನಿನಗೆ ಮಾತ್ರ ಅಪ್ಪಣೆಯಿಲ್ಲ ಅಂತ ಚಿನ್ನಮ್ಮಾಳ್‌ಗೆ ಹೇಳಿದ. ಸದಾ ತಲೆ ತಗ್ಗಿಸುವ ಹೆಂಗಸು, ಅಪ್ಪಣೆ ಕೇಳಲಿಲ್ಲವಲ್ಲ ಅಂದುಬಿಟ್ಟು ಗುಗ್ಗರಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನನಗಂತೂ ಸಿಳ್ಳೆ ಹಾಕಬೇಕು ಅನ್ನಿಸಿತು.

ಹೊರಟ ದಿನ ನಮ್ಮ ಸಾಮಾನು ನೋಡಿದ್ದರೆ ಯಾರಾದರೂ ನಗಬೇಕಿತ್ತು. ಹೊರಗಡೆ ಅಂದರೆ ಚಳಿ ಅಂತಲೇ ಗೊತ್ತಿರುವವರು ನಾವು. ಮೂವರಿಗೂ ಸ್ವೆಟರು, ಮಫ್ಲರು, ಚಿನ್ನಮ್ಮಾಳ್‌ದು ಎರಡು ಕಂಬಳಿ. ಅಕ್ಕ ಮನೆಯ ಹಿತ್ತಾಳೆ ದೀಪವನ್ನು ಹಳೇ ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು, ಎಣ್ಣೆಯ ಬಾಟಲಿಯೂ ಬತ್ತಿಯೂ ನನ್ನ ಚೀಲದಲ್ಲಿ. ಹಿಂದಿನ ಸಂಜೆ ದೀಪ ಮನೆಯಲ್ಲಿ ಉರಿದಿತ್ತು, ಈ ಸಂಜೆ ದ್ವೀಪದಲ್ಲಿ ಉರಿಯಬೇಕಿತ್ತು. ಗೂಡಲೂರಿನಲ್ಲಿ ಬಸ್ಸು ಬದಲಿಸಿ ನಾಡುಕಾಣಿಯ ಘಾಟಿ ಇಳಿಯುವಷ್ಟರಲ್ಲಿ ಸ್ವೆಟರು ಬಿಚ್ಚಿದೆವು, ನಿಲಂಬೂರಿನಲ್ಲಿ ಮಫ್ಲರು. ನಿಲಂಬೂರು ಅಂತ ಬೋರ್ಡು ಕಂಡಾಗ ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯ ಬದಿಯ ಮೆಕ್ಯಾನಿಕ್ ಅಂಗಡಿಗಳನ್ನು ಒಂದೊಂದಾಗಿ ನೋಡಿದಳು. ಬೇಕಾದಷ್ಟಿದ್ದವು.

ಎರ್ನಾಕುಲಂ ಜೆಟ್ಟಿಯಲ್ಲಿ ಬೋಟು ಹತ್ತಿದೆವು. ಅತ್ತ ಕಡೆ ಹೊಸ ಸೇತುವೆಯ ಕಂಬಗಳು ಏಳುತ್ತಿದ್ದವು. ಅದು ಮುಗಿದರೆ ಬೋಟಿನ ಅಗತ್ಯವೇ ಇರುವುದಿಲ್ಲ ಅಂತ ಪಕ್ಕದವರು ಹೇಳಿದಾಗ, ಸದ್ಯ ಅಷ್ಟರೊಳಗೆ ಬಂದೆನಲ್ಲ ಅಂತ ಅಕ್ಕ ಮುಂದಿನ ಬೆಂಚಿನಲ್ಲಿ ಕೂತು ಕಂಬಿ ಹಿಡಿದುಕೊಂಡಳು. ವೈಪಿನ್‌ನಲ್ಲಿಳಿದು ಇನ್ನೊಂದು ಬಸ್ಸು ಹಿಡಿದು ಹೋದರೆ ತೆಂಗಿನ ಮರಗಳ ಆಚೆಗೆ ಗೋಪಾಲನ್ ಅವರ ಲಾಡ್ಜು. ಅವರು ಬಾಗಿಲಲ್ಲೇ ನಿಂತಿದ್ದರು. ಗುರುಸ್ವಾಮಿ ಎಲ್ಲಿ ಅಂದರು. ನಾಳೆ ಸಂಜೆಗೆ ಬರುತ್ತಾರೆ ಅಂದೆ. ಕೀಲಿಕೈ ಕೊಟ್ಟು, ರಾತ್ರಿಗೆ ಮೀನು ಹುರಿಯಲಾ ಅಂತ ಕೇಳಿದರು. ಅಕ್ಕ ಕನ್ನಡದಲ್ಲೇ, ಮಾಲೆ ಇಳಿಯೋ ತನಕ ವ್ರತ ಅಂದಳು. ಅವರಿಗೆ ಅದು ಅರ್ಥವಾಯಿತು. ಮುಖ ಸ್ವಲ್ಪ ಬದಲಾಯಿತು. ಆ ಮೇಲೆ ಹೊಸ ಮಡಕೆಯಲ್ಲಿ ಗಂಜಿ ಕಾಯಿಸಿ ಅವರೇ ಮೇಲೆ ತಂದುಕೊಟ್ಟರು.

ದೀಪ ಹಚ್ಚುವ ಮೊದಲು ಕಡಲಿಗೆ ಹೋದೆವು. ಗಂಡಸರು ಬೋಟಿನ ಬಗ್ಗೆ ಹೇಳಿದ್ದರು, ಹಲ್ವಾದ ಬಗ್ಗೆ ಹೇಳಿದ್ದರು, ಸೊಳ್ಳೆಯ ಬಗ್ಗೆ ಸುಳ್ಳು ಹೇಳಿದ್ದರು. ಕಡಲು ಇಷ್ಟು ದೊಡ್ಡದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ನಾವು ನೋಡಿದ ದೊಡ್ಡ ನೀರು ಅಂದರೆ ಊರಿನ ಮರವಕಂಡಿ ಡ್ಯಾಮು. ಚಿನ್ನಮ್ಮಾಳ್ ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡು ಉಗಿದು, ಉಪ್ಪೇ, ಉಪ್ಪೇ ಅಂತ ಸಣ್ಣ ಹುಡುಗಿಯ ಹಾಗೆ ನಕ್ಕಳು. ಸ್ವಲ್ಪ ಹೊತ್ತಿಗೆ ನೀರು ಹಿಂದೆ ಸರಿಯತೊಡಗಿದಾಗ ಗಾಬರಿಯಾಗಿ, ಶಟರ್ ತೆಗೆದಿದ್ದಾರೆ, ಸೈರನ್ ಹಾಕದೆ ಹೇಗೆ ತೆಗೆದರು, ಮೇಲ್ಗಡೆ ಹೋಗೋಣ ಬನ್ನಿ ಅಂತ ನಮ್ಮಿಬ್ಬರನ್ನೂ ಎಳೆದಳು. ಅಲ್ಲಿದ್ದ ಮೀನುಗಾರರ ಹೆಂಗಸರು ಬಿದ್ದು ಬಿದ್ದು ನಕ್ಕರು. ಅಕ್ಕ ನಗಲಿಲ್ಲ. ಮೊಣಕಾಲಿನ ತನಕ ನೀರಿನಲ್ಲಿ ನಿಂತಿದ್ದಳು. ನಾನು ಹತ್ತಿರ ಹೋದಾಗ, ಅವ್ವಂಗೆ ತೋರಿಸ್ಬೇಕಿತ್ತು ಕನವ್ವ ಅಂದಳು. ಆಗ ಅತ್ತಳು. ಜೋರಾಗಿಯೇ ಅತ್ತಳು, ಅಲೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮರುದಿನ ಸಂಜೆ ನಾವು ಲಾಡ್ಜಿನ ಕೆಳಗಿನ ಜಗಲಿಯಲ್ಲಿದ್ದೆವು. ಮೇಲಿನ ರೂಮಿನಲ್ಲಿ ಗಾಳಿಗೆ ಬತ್ತಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಅಕ್ಕ ದೀಪವನ್ನು ಜಗಲಿಯ ಮೂಲೆಯಲ್ಲಿಟ್ಟು ಹಚ್ಚಿ, ಕೈ ಮುಗಿದು ಕೂತಿದ್ದಳು. ರಸ್ತೆಯಲ್ಲಿ ಬಸ್ಸು ನಿಂತಿತು. ಕಪ್ಪು ಪಂಚೆಯ ಗುಂಪು ನಗುತ್ತಾ ಇಳಿಯಿತು. ಧರ್ಮಲಿಂಗಂ ಗೇಟಿನಿಂದಲೇ ಗೋಪಾಲನ್ ಅವರನ್ನು ಹೆಸರು ಹಿಡಿದು ಕೂಗಿ, ಕರಿಮೀನು ರೆಡಿಯಾ ಅಂತ ಕೇಳಿದ. ಅಷ್ಟರಲ್ಲಿ ಅವನ ಕಣ್ಣಿಗೆ ಹೆಂಡತಿ ಬಿದ್ದಳು. ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ, ಮರೆಯುವ ಇಷ್ಟವೂ ಇಲ್ಲ.

ಗೋಪಾಲನ್ ಒಳಗಿನಿಂದ ಬಂದು, ನಿಮ್ಮ ಮನೆಯವರು ನಿನ್ನೆಯೇ ಬಂದರು, ನಿಮ್ಮ ರೂಮು ಅವರಿಗೆ ಕೊಟ್ಟಿದ್ದೇನೆ, ಬೇರೆ ರೂಮುಗಳೆಲ್ಲ ತುಂಬಿವೆ ಅಂದರು. ನಂಜುಂಡೇಶಣ್ಣ ಮೆಟ್ಟಿಲ ಕೆಳಗೆ ನಿಂತುಬಿಟ್ಟಿದ್ದ. ಇರುಮುಡಿಯ ಖಾಲಿ ಚೀಲ ಹೆಗಲಿನಿಂದ ಜಾರಿತು. ಅಕ್ಕ ಎದ್ದು ನಿಂತಳು.

"ಬನ್ನಿ ಸ್ವಾಮಿ. ದೀಪ ಹಚ್ಚಿವ್ನಿ. ಮನೆ ದೀಪವೇ, ಮನೆ ಹೆಂಗ್ಸೂ ಇವ್ನಿ. ಮಾಲೆ ಇಲ್ಲೇ ತೆಗೀರಿ, ಆಮೇಲೆ ಕೂತ್ಕಂಡು ಮೀನು ತಿನ್ನಿ. ಕೊರಳಲ್ಲಿ ಮಾಲೆ ಇಟ್ಕಂಡು ಬ್ಯಾಡ."

 ನಂಜುಂಡೇಶಣ್ಣ ಏನೋ ಹೇಳಲು ಬಾಯಿ ತೆರೆದ. ಈ ವರ್ಷ ಮಾತ್ರ, ಎಲ್ಲರೂ ಬಲವಂತ ಮಾಡಿದರು ಅಂತ ಇನ್ನೇನೋ ಹೇಳುತ್ತಿದ್ದನೋ ಏನೋ. ಅಕ್ಕ ಬಿಡಲಿಲ್ಲ.

"ಆ ವರ್ಷ ಗಾಡಿ ಕೆಟ್ಟಿದ್ದು ಈ ಮಾಡಿ ಮ್ಯಾಲೇ ಅಲ್ವಾ? ನಮ್ಮವ್ವ ಮಂಗಳವಾರ ಕತ್ತಲಾಗಗಂಟ ನನ್ನ ಹೆಸ್ರು ಹಿಡ್ದು ಕೂಗವ್ಳೆ. ನಾನು ನಿಮ್ಮ ದೀಪ ಕಾಯ್ತಾ ಕೂತಿದ್ದೆ."

ಅದನ್ನು ಅವಳು ಕೂಗಿ ಹೇಳಲಿಲ್ಲ. ಕೂಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ ಅನ್ನಿಸುತ್ತದೆ. ಅವನು ಮೆಟ್ಟಿಲ ಮೇಲೆ ಕೂತ. ಧರ್ಮಲಿಂಗಂ ಬೇರೆ ಕಡೆ ತಿರುಗಿಕೊಂಡ. ಗುಂಪಿನ ಉಳಿದವರು ಒಬ್ಬೊಬ್ಬರಾಗಿ ಗೇಟಿನಾಚೆಗೆ ಸರಿದರು. ಆಮೇಲೆ ನಂಜುಂಡೇಶಣ್ಣ ಎದ್ದು ದೀಪದ ಮುಂದೆ ಬಂದು ತಲೆ ಬಗ್ಗಿಸಿದ. ತೆಗೆಯುವಾಗ ಮಾಲೆ ಕಿವಿಗೆ ಸಿಕ್ಕಿಕೊಂಡಿತು. ಅಕ್ಕ ಬಿಡಿಸಿಕೊಟ್ಟಳು. ಮಾಲೆಯನ್ನು ದೀಪದ ಪಕ್ಕದಲ್ಲಿಟ್ಟು, ಇನ್ನು ನನ್ನ ವ್ರತವೂ ಮುಗಿಯಿತು ಅಂದಳು.

ಆಗ ಅವನು, ತಪ್ಪಾಯ್ತು ಸಿದ್ದಾಜಿ ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ನಾನೇ ನಿನ್ನನ್ನು ಕಡಲಿಗೆ ಕರೆದುಕೊಂಡು ಬರುತ್ತೇನೆ ಅಂತ ಸೇರಿಸಿದ. ಇಪ್ಪತ್ತು ವರ್ಷದಿಂದ ಬಾಯಿಗೆ ರೂಢಿಯಾದ ಮಾತು, ತಾನಾಗಿ ಬಂತು.

ಅಕ್ಕ ಅವನನ್ನು ನೋಡಿ ನಕ್ಕಳು. ಸಿಟ್ಟಿನ ನಗುವಲ್ಲ.

"ನೀವು ಕರ್ಕೊಂಬರೋದು ಬ್ಯಾಡ ಬುಡಿ. ನಾ ಬಂದಾಯ್ತು."

ಗೋಪಾಲನ್ ಅವರನ್ನು ಕರೆದು, ಹುರಿದ ಮೀನು ಮೂರು ತಟ್ಟೆ ಮೇಲಕ್ಕೆ ಕಳಿಸಲು ಹೇಳು ಅಂತ ನನಗೆ ಹೇಳಿದಳು. ನಾನು ಕೂಗಿ ಹೇಳಿದೆ, ಅವರಿಗೆ ಕೇಳಿಸಬೇಕಲ್ಲ. ಗಂಡಸರು ಆ ರಾತ್ರಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗಿದರಂತೆ, ಕಟ್ಟೆ ಗಟ್ಟಿ, ಸೊಳ್ಳೆ ಜಾಸ್ತಿ. ನಮ್ಮ ಕಂಬಳಿ ಎರಡನ್ನು ಚಿನ್ನಮ್ಮಾಳ್ ಗೇಟಿನ ಮೇಲೆ ನೇತುಹಾಕಿ ಬಂದಿದ್ದಳು. ಆಮೇಲೆ ಮೂವರೂ ಮಹಡಿ ಹತ್ತಿ, ಕಡಲಿನ ಕಡೆಯ ಕಿಟಕಿ ತೆಗೆದುಕೊಂಡು ಊಟಕ್ಕೆ ಕೂತೆವು.